ಅರ್ಜಿದಾರರು ಹಾಜರಿದ್ದಾರೆ

ಸೃಷ್ಟಿ ಓಡಿಬಂದವಳೇ ದೌಲಪ್ಪನ ಗುದ್ದಲಿಯ ಕಾವನ್ನು ಎರಡೂ ಕೈಯಿಂದ ಹಿಡಿದುಕೊಂಡುಬಿಟ್ಟಳು. ಮೊಣಕಾಲಾಳದ ಗುಂಡಿ ಆಗಲೇ ಆಗಿತ್ತು. ಮುದುಕ ದೌಲಪ್ಪನಿಗೆ ಏನೊಂದೂ ತಿಳಿಯದೆ, ಗುಂಡಿಯೊಳಗಿಂದಲೇ ತಲೆಯೆತ್ತಿ ಅವಳ ದೊಡ್ಡಪ್ಪ ಶಿವಲಿಂಗನ ಮುಖ ನೋಡಿದ.

"ಇಲ್ಲಿ ಬ್ಯಾಡ ದೊಡ್ಡಪ್ಪ. ಊರ ರುದ್ರಭೂಮ್ಯಾಗ ಮಾಡೋಣು" ಎಂದಳು ಸೃಷ್ಟಿ.

"ಸ್ವಂತ ಜಾಗ ಇಟಗೊಂಡು ನನ್ನ ತಮ್ಮ ಮಂದಿ ಮಣ್ಣಾಗ ಕೂಡಬೇಕೇನು? ನಮ್ಮಪ್ಪನ ಬಾಜೂಕ ಕೂಡಸ್ತೀನಿ ಅಂತ ಅವಗ ಮಾತು ಕೊಟ್ಟೀನಿ. ಕೈ ಬಿಡು."

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಅದೂ ಸ್ವಂತ ನೆಲದಲ್ಲಿ. ಸೃಷ್ಟಿಯ ಅಪ್ಪ ಕಲ್ಯಾಣಪ್ಪ ನಿನ್ನೆ ತೀರಿಕೊಂಡಿದ್ದ; ಅವನ ಅಪ್ಪನ ಸಮಾಧಿಯ ಕಲ್ಲು ಕಟ್ಟೆ ಅಲ್ಲೇ ಬೇಲಿಯ ಹತ್ತಿರ ಇತ್ತು. ಇವತ್ತು ಅದರ ಮೇಲೆ ಹೆಂಗಸರ ಚೀಲ, ಚಾದರ, ನೀರಿನ ಕೊಡ ಕೂತಿದ್ದವು. ದೊಡ್ಡಪ್ಪನ ಮಾತು ಸುಳ್ಳಲ್ಲ. ಆದರೆ ಹೊಲವೆಲ್ಲ ಪಾಲಾಗಿ ಮಾರಾಟವಾಗಿ, ಕಲ್ಯಾಣಪ್ಪನ ಹೆಸರಿನಲ್ಲಿ ಕಮಲಾಪುರದ ಅಂಚಿನಲ್ಲಿ ಉಳಿದಿದ್ದ ಒಂದೇ ತುಂಡು ಇದು. ಈಗ ಇದು ಹೊಲವೂ ಅಲ್ಲ, ಮನೆ ಕಟ್ಟುವ ನಿವೇಶನ.

ಸೃಷ್ಟಿ ತಡೆದದ್ದು ಬೇರೆಯೇ ಕಾರಣಕ್ಕೆ. ನಿನ್ನೆ ಸಂಜೆ ಕಲಬುರಗಿಯ ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ಮುಚ್ಚಿದ ಮೇಲೆ, ಅವನ ವಸ್ತ್ರ ಮಡಚುತ್ತಿದ್ದಾಗ ಅವಳ ಫೋನಿಗೆ ಸಂದೇಶ ಬಂದಿತ್ತು. ಮನೆ ಕಟ್ಟುವ ಅನುಮತಿಗಾಗಿ ಆನ್‌ಲೈನಿನಲ್ಲಿ ಹಾಕಿದ್ದ ಅರ್ಜಿಗೆ ನಾಳೆ ಸ್ಥಳ ಪರಿಶೀಲನೆ, ಅರ್ಜಿದಾರರು ಖುದ್ದಾಗಿ ಹಾಜರಿರಬೇಕು, ಇದು ಕೊನೆಯ ಅವಕಾಶ ಎಂದು. ಹಿಂದೆ ಎರಡು ಸಲ ತಪ್ಪಿತ್ತು, ಎರಡು ಸಲವೂ ಅಪ್ಪ ಆಸ್ಪತ್ರೆಯಲ್ಲಿದ್ದ. ಬೆಳಗಿನಿಂದ ಆಫೀಸಿಗೆ ಫೋನು ಹಚ್ಚಿ ಹಚ್ಚಿ ಸಾಕಾಗಿತ್ತು. ಯಾರೂ ಎತ್ತಲಿಲ್ಲ.

ಅರ್ಜಿದಾರ ತೀರಿಕೊಂಡರೆ ಅರ್ಜಿಯೂ ತೀರಿಕೊಂಡಂತೆಯೇ. ಜಾಗ ವಾರಸುದಾರರ ಹೆಸರಿಗಾಗಬೇಕು, ಮತ್ತೆ ಎಲ್ಲ ಮೊದಲಿನಿಂದ. ಅಷ್ಟರಲ್ಲಿ ಮನೆಸಾಲ ಒಪ್ಪಿದ್ದ ಬ್ಯಾಂಕಿನವರು ಕೈ ಎತ್ತುತ್ತಾರೆ. ಬ್ರಹ್ಮಪುರದ ಬಾಡಿಗೆ ಮನೆಯನ್ನು ಮಾಲಕರು ಯುಗಾದಿ ಮುಗಿಯುತ್ತಲೇ ಕೆಡವುವವರಿದ್ದರು. ಆಮೇಲೆ ಅವ್ವ ಎಲ್ಲಿರಬೇಕು?

ಶಿವಲಿಂಗ ಅವಳ ಬೆರಳುಗಳನ್ನು ಒಂದೊಂದಾಗಿ ಕಾವಿನಿಂದ ಬಿಡಿಸಿದ. ಬೈಯಲಿಲ್ಲ. ಅಪ್ಪ ಹೋದ ಸಂಕಟಕ್ಕೆ ಹುಡುಗಿಯ ತಲೆ ಕೆಟ್ಟಿದೆ ಎಂದು ಜನಕ್ಕೆ ಹೇಳಿ, ಮಣ್ಣಿನ ವಿಧಿ ಮಾಡಿಸುವ ಅಯ್ಯನವರನ್ನು ಕರೆತರಲು ಊರೊಳಗೆ ಹೋದ. ಗುದ್ದಲಿ ಮತ್ತೆ ಬೀಳತೊಡಗಿತು.

*

ಆ ಅರ್ಜಿ ತುಂಬಿದ್ದು ಸ್ಟೇಶನ್ ಬಜಾರದ ಬಾಳೆಹಣ್ಣಿನ ಅಂಗಡಿಯಲ್ಲಿ. ಕಲ್ಯಾಣಪ್ಪ ಬದುಕೆಲ್ಲ ಅಲ್ಲಿ ಕೂತು ಕಮಲಾಪುರದ ಕೆಂಪು ಬಾಳೆ ಮಾರಿದವನು. ಆನ್‌ಲೈನ್ ಎಂದರೆ ಅವನಿಗೆ ಭಯಭಕ್ತಿ ಎರಡೂ. ಮಗಳ ಫೋನು ಮುಟ್ಟುವ ಮೊದಲು ಕೈ ತೊಳೆದು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ. ಪರದೆ ತಿರುಗುತ್ತ ನಿಂತರೆ, ಅದಕ್ಕೂ ಬ್ಯಾಸರ ಆಗಿರಬೇಕು, ನಾಳೆ ಕೇಳೋಣು ಅನ್ನುತ್ತಿದ್ದ. ನಕ್ಷೆಯನ್ನು ಯಂತ್ರ ತಾನೇ ಅಳೆದು, ಹಿತ್ತಿಲ ಕಡೆ ಜಾಗ ಕಡಿಮೆ ಬಿಟ್ಟಿದ್ದೀರಿ ಎಂದು ತಿರುಗಿ ಕಳಿಸಿದಾಗ, ಒಳಗೆ ಯಾರೋ ಕೂತಿದ್ದಾರೆಂದೇ ತಿಳಿದು ಅವರಿಗೊಂದು ಗೊನೆ ಕಳಿಸೋಣವೇ ಎಂದು ಕೇಳಿದ್ದ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರಿಗೆ ಈ ಯಂತ್ರ ಗೊತ್ತಿರಲಿಲ್ಲ ಎಂದು ಸೃಷ್ಟಿ ನಗಾಡಿದ್ದಳು.

ನಗು ನಿಂತದ್ದು ಒಂದು ಪ್ರಶ್ನೆಯ ಮುಂದೆ. ನಿವೇಶನದಲ್ಲಿ ಸಮಾಧಿ ಅಥವಾ ಸ್ಮಶಾನ ಇದೆಯೇ? ಹೌದು, ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಸುಳ್ಳು ಹೇಳಿದರೆ ಅರ್ಜಿ ರದ್ದು, ಕಾನೂನು ಕ್ರಮ ಎಂದಿತ್ತು.

ಕಲ್ಯಾಣಪ್ಪ ಕೈಯಲ್ಲಿದ್ದ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದ. ಗಿರಾಕಿಯೊಬ್ಬ ಬಂದು ನಿಂತು, ಯಾರೂ ಮಾತಾಡಿಸದ್ದಕ್ಕೆ ಹೊರಟುಹೋದ.

"ಇಲ್ಲ ಅಂತ ಒತ್ತು" ಎಂದ ಕೊನೆಗೆ. "ಅಪ್ಪಗ ನಾ ಹೇಳ್ಕೋತೀನಿ."

ಅವಳು ಒತ್ತಿದಳು. ಅಂದಿನಿಂದ ಅಪ್ಪ ಅಮಾವಾಸ್ಯೆಗೊಮ್ಮೆ ಕಮಲಾಪುರಕ್ಕೆ ಹೋಗಿ ಆ ಕಟ್ಟೆಯ ಮುಂದೆ ಬಹಳ ಹೊತ್ತು ಕೂತು ಬರುತ್ತಿದ್ದ. ಏನು ಹೇಳಿಕೊಳ್ಳುತ್ತಿದ್ದನೋ, ಅವನಿಗೇ ಗೊತ್ತು.

*

ಬೇವಿನ ನೆರಳಲ್ಲಿ ಕಲ್ಯಾಣಪ್ಪ ಕುರ್ಚಿಯಲ್ಲಿ ಕೂತಿದ್ದ. ಹೊಸ ಧೋತರ, ಹಣೆ ತುಂಬ ವಿಭೂತಿ, ತಲೆಗೆ ಹಳದಿ ರುಮಾಲು, ಕೊರಳಲ್ಲಿ ಎದೆ ಮುಚ್ಚುವಷ್ಟು ಚೆಂಡುಹೂ. ಕುರ್ಚಿಯ ಬೆನ್ನಿಗೆ ಅವನನ್ನು ಬಿಗಿದು ಕಟ್ಟಿದ್ದ ಬಟ್ಟೆ ಹೂವಿನಡಿ ಕಾಣುತ್ತಿರಲಿಲ್ಲ. ಬದುಕಿದ್ದಾಗ ಇಷ್ಟು ನೆಟ್ಟಗೆ ಅವನು ಎಂದೂ ಕೂತವನಲ್ಲ. ಅತ್ತು ಸುಸ್ತಾದ ಹೆಂಗಸರು ಕಟ್ಟೆಯ ಕಡೆ ಸರಿದಿದ್ದರು. ಭಜನೆಯವರ ತಾಳ ಮಾತ್ರ ಏರುತ್ತಿತ್ತು. ಅವ್ವ ಕಸ್ತೂರಿಬಾಯಿ ಗಂಡನ ಕಾಲ ಬಳಿ ಕೂತಿದ್ದಳು.

ಹೆಣವನ್ನು ತನ್ನ ಟೆಂಪೋದಲ್ಲಿ ತಂದಿದ್ದ ಬಂದೇನವಾಜ್ ಸೃಷ್ಟಿಯ ಪಕ್ಕಕ್ಕೆ ಬಂದು ನಿಂತ. ಸ್ಟೇಶನ್ ಬಜಾರದಲ್ಲಿ ಅಪ್ಪನ ಅಂಗಡಿಗೆ ಅಂಟಿಕೊಂಡೇ ಅವನ ಕಬ್ಬಿಣದ ಸಾಮಾನಿನ ಅಂಗಡಿ. ಬ್ರಹ್ಮಪುರದ ಮಾಲಕರು ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಟ್ಟಿರಲಿಲ್ಲ, ಕ್ಯಾಲೆಂಡರನ್ನು ಸಹ ಕಿಟಕಿಯ ಸರಳಿಗೆ ಕಟ್ಟಬೇಕಿತ್ತು. ಅದು ಅವನಿಗೂ ಗೊತ್ತು.

"ಹ್ವಾದ ತಿಂಗಳ ನನ್ನ ದುಕಾನದಾಗ ಮೊಳಿ ತಗೊಂಡ್ರು" ಎಂದ. "ಮನೀನ ಇಲ್ಲಲ್ಲ ಕಾಕಾ ಅಂದೆ. ಮೊದಲ ಮೊಳಿ ಇರಲಿ, ಗ್ವಾಡಿ ಹಿಂದ ಬರ್ತದ ಅಂದ್ರು."

ಅದೇ ಹೊತ್ತಿಗೆ ಬೇಲಿಯ ಹತ್ತಿರ ಮೋಟಾರ್‌ಸೈಕಲ್ಲೊಂದು ನಿಂತಿತು.

ಸ್ಥಳ ಪರಿಶೀಲನೆಗೆ ಬಂದವನು ಎಂಜಿನಿಯರ್. ಕರಾವಳಿ ಕಡೆಯ ಎಳೆಯ ಹುಡುಗ, ಈ ಸೀಮೆಗೆ ಬಂದು ಇನ್ನೂ ಬಿಸಿಲು ಒಗ್ಗಿರಲಿಲ್ಲ. ಬೂಟು ಕಳಚಿಟ್ಟು ಒಳಗೆ ಬಂದವನು ಹೂವು ನೋಡಿದ, ತೆಂಗಿನಕಾಯಿ ನೋಡಿದ, ಭಜನೆ ಕೇಳಿದ, ಗುಂಡಿ ನೋಡಿ ಹುಬ್ಬು ಗಂಟಿಕ್ಕಿದ.

"ಅನುಮತಿ ಬರುವ ಮೊದಲೇ ಭೂಮಿಪೂಜೆ ಇಟ್ಟುಕೊಂಡಿದ್ದೀರಲ್ಲ, ಮೇಡಂ? ಅಸ್ತಿವಾರ ಬೇರೆ ತೋಡಿಸಿದ್ದೀರಿ. ಇದನ್ನು ನಾನು ಬರೆಯಬೇಕಾಗುತ್ತದೆ."

ಸತ್ತವರನ್ನು ಮಲಗಿಸುವ ಊರಿನವನಿಗೆ, ಕುರ್ಚಿಯಲ್ಲಿ ಕೂತವನು ಸತ್ತಿದ್ದಾನೆಂದು ಹೇಗೆ ಹೊಳೆಯಬೇಕು? ಹೇಳಿದರೆ ಅರ್ಜಿ ಹೋಯಿತು. ಹೇಳದಿದ್ದರೆ? ಅತ್ತ ದರಿ, ಇತ್ತ ಪುಲಿ. ಬಂದೇನವಾಜ್ ಬಾಯಿ ತೆರೆದ. ಸೃಷ್ಟಿ ಅವನನ್ನು ನೋಡಿದ ರೀತಿಗೆ ಮುಚ್ಚಿ ನೆಲ ನೋಡಿದ.

ಅವಳ ಮುಖ ಕಂಡು ಎಂಜಿನಿಯರ್ ಹುಡುಗನ ಮನಸ್ಸು ಮೆತ್ತಗಾಯಿತೇನೋ. ಹೋಗಲಿ, ಗುಂಡಿ ಬಿಟ್ಟು ಉಳಿದ ಕಡೆಯ ಫೋಟೋ ತೆಗೆಯುತ್ತೇನೆ ಎಂದ. ಬೇಲಿಯುದ್ದಕ್ಕೂ ನಡೆದು ಫೋನು ಹಿಡಿದ. ಕಟ್ಟೆಯ ಸುತ್ತ ಹೆಂಗಸರಿದ್ದುದರಿಂದ ಆ ಕಡೆ ಹೋಗಲು ನಾಚಿ ತಿರುಗಿ ಬಂದ. ಚೀಲ, ಚಾದರದಡಿಯ ಸಮಾಧಿ ಅವನ ಕಣ್ಣಿಗೆ ಬೀಳಲಿಲ್ಲ.

"ಅರ್ಜಿದಾರರು? ಕಲ್ಯಾಣಪ್ಪ ಅವರು?"

ಅವಳು ಬೇವಿನ ಕಡೆ ಕೈ ತೋರಿಸಿದಳು. ಕೈ ತನ್ನದಲ್ಲ ಅನ್ನಿಸಿತು.

"ಅಲ್ಲೇ ಅದಾರ್ರಿ."

"ಓ, ಪೂಜೆಯಲ್ಲಿದ್ದಾರಾ" ಎಂದು ಅವನು ದನಿ ತಗ್ಗಿಸಿದ. ಕುರ್ಚಿಯ ಮುಂದೆ ಹೋಗಿ ಕೈ ಮುಗಿದ. ಎಬ್ಬಿಸುವುದೇನೂ ಬೇಡ, ಹಾಜರಿಗೆ ಫೋನಿನಲ್ಲಿ ಮುಖ ಒಂದು ಹಿಡಿದರೆ ಸಾಕು ಎಂದ. ಫೋನಿನ ಪರದೆಯ ಮೇಲೆ ಹಸಿರು ಚೌಕವೊಂದು ಅಪ್ಪನ ಮುಖವನ್ನು ಹುಡುಕುತ್ತ ಅತ್ತಿತ್ತ ಅಲೆಯಿತು.

"ಹಣೆ ಕಾಣುತ್ತಿಲ್ಲ. ಆ ರುಮಾಲು ಸ್ವಲ್ಪ ಮೇಲೆ ಮಾಡ್ತೀರಾ?"

ಸೃಷ್ಟಿ ಮಾಡಿದಳು. ರುಮಾಲು ಸರಿಸಿದಳು, ಗಲ್ಲಕ್ಕೆ ತಾಗಿದ ಹೂವು ಕೆಳಗೆ ಜಗ್ಗಿದಳು, ವಾಲಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಫೋನಿನ ಕಡೆ ನೆಟ್ಟಗೆ ತಿರುಗಿಸಿದಳು. ಅಂಗೈಗೆ ತಾಗಿದ ಚರ್ಮ ತಣ್ಣಗಿತ್ತು. ನಾನು ಏನು ಮಾಡುತ್ತಿದ್ದೇನೆ ಎಂಬ ಹೆದರಿಕೆಗಿಂತ, ಇದು ಆಗದೆ ಹೋದರೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು.

ಚೌಕ ಅಪ್ಪನ ಮುಖದ ಮೇಲೆ ಬಂದು ನಿಂತಿತು. ಫೋನಿನೊಳಗಿಂದ ಹೆಣ್ಣುದನಿಯೊಂದು ಸ್ಪಷ್ಟ ಕನ್ನಡದಲ್ಲಿ ಹೇಳಿತು.

"ದಯವಿಟ್ಟು ಕಣ್ಣು ಮಿಟುಕಿಸಿ."

ತಾಳ ನಿಂತಿತು. ಭಜನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ದೌಲಪ್ಪ ಗುಂಡಿಯಿಂದ ತಲೆ ಎತ್ತಿದ.

"ದಯವಿಟ್ಟು ಕಣ್ಣು ಮಿಟುಕಿಸಿ."

ಎಂಜಿನಿಯರ್ ನಗುತ್ತ ಏನೋ ಹೇಳಹೊರಟವನು, ಸುತ್ತಲಿನ ಮುಖಗಳನ್ನು ನೋಡಿ, ಆಮೇಲೆ ಹೂವಿನ ಸಂದಿಯಲ್ಲಿ ಕಂಡ ಬಟ್ಟೆಯ ಕಟ್ಟು ನೋಡಿ, ಬಿಳಿಚಿಕೊಂಡ.

ಆಗ ಕಸ್ತೂರಿಬಾಯಿ ಎದ್ದಳು. ಕುರ್ಚಿಯ ತೋಳು ಹಿಡಿದು, ಗಂಡನ ಕಿವಿಗೆ ಬಾಗಿದಳು. ದಿನಾ ನಸುಕಿನಲ್ಲಿ ಅಂಗಡಿಗೆ ಹೊತ್ತಾಯಿತೆಂದು ಎಬ್ಬಿಸುತ್ತಿದ್ದ ಅದೇ ದನಿಯಲ್ಲಿ, ಯಾರಿಗೂ ಕೇಳದಂತೆ ಹೇಳಿದಳು.

"ಏನ್ರೀ, ಒಂದ್ ಸಲ ಕಣ್ಣ ತೆಗೀರಿ. ಸಾಹೇಬರು ಕೇಳಾಕತ್ತಾರ."

ಹಸಿರು ಚೌಕ ಇನ್ನೂ ಆ ಮುಖದ ಮೇಲೆಯೇ ಇತ್ತು. ಅಪ್ಪನ ತಲೆಯನ್ನು ಹಾಗೇ ಹಿಡಿದುಕೊಂಡು, ಸೃಷ್ಟಿ ವಿಭೂತಿ ಉದುರಿದ ಆ ರೆಪ್ಪೆಗಳನ್ನೇ ನೋಡುತ್ತ ನಿಂತಳು.