ವರ್ನಾ ಬರೆದ ಪ್ರಶ್ನೆ

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕಪ್ಪಿಗೆ ಚಮಚ ಬಡಿಯುತ್ತ ಡೇಲ್ ಪ್ರೂಯಿಟ್ ಎದ್ದು ನಿಂತ. ವರ್ನಾ ಹ್ರುಸ್ಕಾಳನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ.

"ಇಪ್ಪತ್ತೆಂಟು ವರ್ಷ ನಮ್ಮ ಸಮೀಕ್ಷೆ ಕಂಪನೀಲಿ ದುಡಿದ್ಲು. ಮನೆಮನೆ ಬಾಗಿಲು ತಟ್ಟಿ ಜನ ಏನಂತಾರೆ ಅಂತ ತಿಳ್ಕೊಂಡು ಬರೋಳು. ಈ ಊರಿನ ಕಾರ್ಖಾನೆ ಸಮೀಕ್ಷೆ ಇದೆಯಲ್ಲ, ಅದೇ ಅವಳ ಹೆಗ್ಗಳಿಕೆ. ನೂರಕ್ಕೆ ಎಂಬತ್ತೆರಡು ಜನರ ಒಪ್ಪಿಗೆ!"

ವರ್ನಾಳ ಮಗಳು ಮಾರ್ಸಿ ಮುಂದಿದ್ದ ತಟ್ಟೆಯನ್ನು ಆಚೆ ಸರಿಸಿದಳು.

ಪಕ್ಕದಲ್ಲಿದ್ದ ನೆರೆಮನೆಯ ಮುದುಕ ಎಮಿಲ್ ಗೊಣಗಿದ. "ಒಪ್ಪಿಗೆಯಂತೆ, ಒಪ್ಪಿಗೆ! ಹನ್ನೊಂದು ವರ್ಷದಿಂದ ಬಟ್ಟೇನ ಹೊರಗೆ ಒಣಗಿಸಿಲ್ಲ ನಾನು. ಒಣಗಿಸಿ ಹಾಕ್ಕೊಂಡ್ರೆ ಸತ್ತ ದನಾನೇ ಹೊದ್ಕೊಂಡ ಹಾಗಿರತ್ತೆ."

"ಎದ್ದು ನಿಂತು ಹೇಳಿ ಮತ್ತೆ," ಎಂದಳು ಮಾರ್ಸಿ.

"ಅಯ್ಯೋ, ಮೊಮ್ಮಗ ಆ ಕಾರ್ಖಾನೇಲೇ ಕೆಲಸಕ್ಕಿದಾನಲ್ಲಮ್ಮ. ಈ ಹಂದಿಮಾಂಸ ಕಳಿಸಿದೋರೂ ಅವರೇ," ಎಂದು ಇನ್ನೊಂದು ತುಂಡು ಬಾಯಿಗಿಟ್ಟ.

*

ಎಲುಬು, ಕೊಬ್ಬು ಕುದಿಸುವ ಆ ಕಾರ್ಖಾನೆಯನ್ನು ದೊಡ್ಡದು ಮಾಡುವ ಮಾತು ಬಂದಾಗ ವರ್ನಾ ಮೂರು ದಿನ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೇ ಒಂದು ಪ್ರಶ್ನೆ ಬರೆದಿದ್ದಳು: 'ಕಾರ್ಖಾನೆಯ ವಾಸನೆಯಿಂದ ನಿಮಗೆ ತೊಂದರೆಯಾಗುತ್ತಿದೆಯೇ?' ಪ್ರೂಯಿಟ್ ಅದನ್ನು ಹೊಡೆದುಹಾಕಿ ತನ್ನದನ್ನು ಬರೆದ: 'ಆರುನೂರು ಮನೆಗಳಿಗೆ ಕೆಲಸ ಕೊಡುವ ಕಾರ್ಖಾನೆಗಾಗಿ ಕೊಂಚ ವಾಸನೆ ಸಹಿಸಿಕೊಳ್ಳುತ್ತೀರಾ?'

"ಇದು ಪ್ರಶ್ನೆ ಅಲ್ಲ ಡೇಲ್. ಜನರ ಬಾಯಿಗೆ ಉತ್ತರ ತುರುಕೋದು," ಎಂದಳು ವರ್ನಾ.

"ನಿನ್ನ ನಿವೃತ್ತಿಗೆ ಇನ್ನೆರಡೇ ವರ್ಷ ಅಲ್ವಾ?" ಎಂದ ಅವನು.

ವರ್ನಾ ಹೋಗಿ ಬಾಗಿಲು ತಟ್ಟಿದಳು. ಅವನ ಪ್ರಶ್ನೆಯನ್ನು ಅಕ್ಷರ ತಪ್ಪದೆ ಓದಿದಳು. ವರದಿಗೆ ಸಹಿಯನ್ನೂ ಹಾಕಿದಳು. ಪ್ರೂಯಿಟ್ ಮೇಲಿದ್ದಷ್ಟೇ ಅಸಹ್ಯ ಮಾರ್ಸಿಗೆ ತಾಯಿಯ ಮೇಲೂ ಹುಟ್ಟಿತು, ಆಮೇಲೆ ಹೋಗಲೂ ಇಲ್ಲ.

ಕಳೆದ ವಾರ ಆಸ್ಪತ್ರೆಯಲ್ಲಿ ವರ್ನಾ ಮಗಳ ಮಣಿಕಟ್ಟು ಹಿಡಿದುಕೊಂಡಿದ್ದಳು. "ನನ್ನ ಪ್ರಶ್ನೇನ ಯಾರೂ ಕೇಳ್ಲೇ ಇಲ್ಲ ಕಣೆ. ನೀನಾದ್ರೂ ಒಂದ್ಸಲ ಕೇಳು. ನಾನು ಬರೆದ ಹಾಗೇ."

*

ಮಾರ್ಸಿ ಎದ್ದಳು. "ಅಮ್ಮ ಬರೆದಿದ್ದ ಪ್ರಶ್ನೆಯೇ ಬೇರೆ," ಎಂದು ಅದನ್ನು ಹಾಗೆಯೇ ಹೇಳಿದಳು. "ಹೌದು ಅನ್ನೋರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಎಮಿಲ್ ತನ್ನ ತಟ್ಟೆ ಬಿಟ್ಟು ಬೇರೆ ಕಡೆ ನೋಡಲಿಲ್ಲ.

"ಊಟದ ಹೊತ್ತಲ್ಲಿ ಇದೇನಮ್ಮಾ ಇದು?" ಎಂದಳು ಪಾದ್ರಿಯ ಹೆಂಡತಿ.

ಪ್ರೂಯಿಟ್ ನಕ್ಕ. "ನೋಡಿದ್ಯಾ? ಈಗ ನೂರಕ್ಕೆ ನೂರೇ ಆಯ್ತು."

ಥೂ, ಇಂಥವರ ಬಾಗಿಲನ್ನೇ ಅಮ್ಮ ಜೀವಮಾನವಿಡೀ ತಟ್ಟಿದ್ದು ಅನ್ನಿಸಿತು ಮಾರ್ಸಿಗೆ. ಅವಳು ಕುರ್ಚಿಯೊಂದನ್ನು ಗೋಡೆಗೆ ಎಳೆದು ಹತ್ತಿದಳು. ಮೇಲಿನ ಕಿಟಕಿಗಳ ಚಿಲಕಗಳು ತುಕ್ಕು ಹಿಡಿದಿದ್ದವು. ಅಂಗೈಯಿಂದ ಗುದ್ದಿ ಒಂದೊಂದನ್ನೇ ತೆರೆದಳು.

ನೆಬ್ರಾಸ್ಕಾದ ಜುಲೈ ಸೆಕೆಯ ಜೊತೆ ಅದೂ ಒಳಗೆ ನುಗ್ಗಿತು. ಕೊಳೆತ ಕೊಬ್ಬು ಕುದಿಯುವ ನಾತ ಮಾಂಸದ ಮೇಲೆ, ಆಲೂಗಡ್ಡೆಯ ಮೇಲೆ, ಕಾಫಿಯ ಮೇಲೆ ಬಂದು ಕೂತಿತು. ಯಾರೋ ಓಕರಿಸಿದರು. ಚಮಚ, ಮುಳ್ಳುಚಮಚಗಳು ತಟ್ಟೆಗೆ ಬಿದ್ದವು. ಕೈಗಳು ಒಂದೊಂದಾಗಿ ಮೇಲೆದ್ದು ಮೂಗು ಮುಚ್ಚಿಕೊಂಡವು.

ಮಾರ್ಸಿ ಕುರ್ಚಿಯ ಮೇಲೆ ನಿಂತೇ ಎಣಿಸತೊಡಗಿದಳು. ಮೊದಲನೆಯದು ಪ್ರೂಯಿಟ್‌ನದು.