ತಮಾಷೆಗೆ ಹೇಳಿದ್ದು ಅಂತ ಬರೆಸಿಕೊಂಡರು

"ಏ ಮುಂಡೇವಾ, ಪೊರಕೆ ಬಿಸಾಕ್ರೇ! ಯೂನಿಫಾರ್ಮ್ ಬಿಚ್ಚಿ, ಮನೆ ಬಟ್ಟೆ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ತಗೊಳ್ಳಿ, ಸೆಂಟು ಹೊಡ್ಕೊಳ್ಳಿ, ಫಿನಾಯಿಲ್ ನಾತ ಬರ್ತಿದೆ."

ಮಧ್ಯಾಹ್ನದ ನಗೆ ಶೋಗೆ ಟಿಕೆಟ್ ಕಡಿಮೆ ಹೋದ ದಿನ ಆ ಸಭಾಂಗಣದಲ್ಲಿ ಇದೇ ಪದ್ಧತಿ. ಮುಂದಿನ ಸಾಲು ಖಾಲಿ ಕಂಡರೆ ವಿಡಿಯೋ ಕೆಡುತ್ತದಂತೆ. ಅದಕ್ಕೇ ನೆಲ ಒರೆಸುವ ಹೆಂಗಸರನ್ನು ಕೂರಿಸಿ ತುಂಬಿಸುವುದು.

"ನಗಿಸೋನು ಏನಾದ್ರೂ ಕೇಳಿದ್ರೆ ಹಲ್ಲು ಕಿರೀರಿ, ಅಷ್ಟೇ. ಬಾಯಿ ಬಿಟ್ರೋ, ನಾಳೆಯಿಂದ ಬರೋದೇ ಬೇಡ," ಎಂದು ಮ್ಯಾನೇಜರು ಬೆರಳು ಆಡಿಸಿ ಹೋದ.

ದೊಡ್ಡಕ್ಕ ಆ ಸಾಲಿನ ನಟ್ಟನಡುವೆ ಸಿಕ್ಕಿಬಿದ್ದಳು. ಆರು ವರ್ಷದಿಂದ ಒರೆಸಿದ ಕುರ್ಚಿ, ಕೂತಾಗ ಮಾತ್ರ ಯಾರದೋ ಮನೆಯದೆನ್ನಿಸಿತು. ನಗಿಸುವವನು ಬಂದ, ಮಂತ್ರಿಯ ಹೊಟ್ಟೆ, ಮಂತ್ರಿಯ ಭಾಷಣ, ಮಂತ್ರಿಯ ಅಳಿಯ ಎಲ್ಲವನ್ನೂ ಆಡಿಕೊಂಡ. ಜನ ಬಿದ್ದುಬಿದ್ದು ನಕ್ಕರು. ಆಮೇಲೆ ಮೈಕು ಹಿಡಿದು ಸೀದಾ ಅವಳ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ನಮ್ಮ ಮಂತ್ರಿಗಳು ನಿಮ್ಮನೇಗೆ ಯಾವತ್ತಾದ್ರೂ ಬಂದಿದ್ರಾ?"

ಹಲ್ಲು ಕಿರಿಯಬೇಕಿತ್ತು. ಆದರೆ ಹದಿನಾಲ್ಕು ತಿಂಗಳಲ್ಲಿ ಅವಳ ಮುಖ ನೋಡಿ ಅಮ್ಮಾ ಎಂದು ಕೇಳಿದವರು ಒಬ್ಬರಾದರೂ ಇದ್ದರೇ? ಪಾಪ, ನಿಜವಾಗಿ ಕೇಳುತ್ತಿದ್ದಾನೆಂದೇ ತಿಳಿದಳು.

"ಬಂದಿದ್ರಪ್ಪಾ. ಹದಿನಾಲ್ಕು ತಿಂಗ್ಳ ಹಿಂದೆ, ನನ್ನ ಗಂಡ ಸತ್ತಾಗ."

"ಅಯ್ಯೋ! ಅವರ ಭಾಷಣ ಕೇಳಿ ಸತ್ರಾ?"

ಸಭಾಂಗಣದ ಸೂರು ಹಾರಿಹೋಗುವಂತೆ ನಗು.

"ಇಲ್ಲಪ್ಪಾ, ಚರಂಡಿ ಗುಂಡಿಗಿಳಿದು. ಬರಿಗೈಲಿ ಇಳಿಸಿದ್ರು. ಮಂತ್ರಿಗಳು ಮೂಗು ಮುಚ್ಕೊಂಡು ಬಂದು ಹೆಣಕ್ಕೆ ಹಾರ ಹಾಕಿದ್ರು. ಫೋಟೋ ಆಯ್ತು. ಆಮೇಲೆ ಅವರ ಕಡೆಯವರು ಹಾರ ವಾಪಸ್ ತಗೊಂಡೋದ್ರು. ಇನ್ನೊಂದು ಕಡೆ ಸಾವಿತ್ತಂತೆ, ಅಲ್ಲಿಗೆ ಬೇಕಿತ್ತಂತೆ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ನಾನೇ ಬರೆದಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ!" ಎಂದು ನಗಿಸುವವನು ಅವಳ ಕಾಲು ಮುಟ್ಟಿದ. ದೊಡ್ಡಕ್ಕ ಸುತ್ತ ನೋಡಿದಳು. ಒಂದು ಕಣ್ಣೂ ಒದ್ದೆಯಾಗಿರಲಿಲ್ಲ, ಆದವು ನಕ್ಕು ಆಗಿದ್ದವು.

ನಾಲ್ಕೇ ದಿನದಲ್ಲಿ ವಿಡಿಯೋ ಊರೆಲ್ಲ ಸುತ್ತಿತು. ಐದನೆಯ ದಿನ ಚರಂಡಿ ಇಲಾಖೆಯಿಂದ ಕರೆ ಬಂತು. ಅಪ್ಪನ ಜಾಗದಲ್ಲಿ ಮಗಳಿಗೆ ಕೆಲಸ ಕೊಡಬೇಕಾದ ಫೈಲು ಅಲ್ಲೇ ಕೊಳೆಯುತ್ತಿತ್ತು. ಮಗಳನ್ನೂ ಕರೆದುಕೊಂಡು ಓಡಿದಳು.

"ಏನಮ್ಮಾ, ಭಾರಿ ನಗಿಸ್ತೀಯಂತೆ?" ಸಾಹೇಬ ಕುರ್ಚಿ ತೋರಿಸಲಿಲ್ಲ. "ಅವತ್ತು ಹೇಳಿದ್ದೆಲ್ಲ ತಮಾಷೆಗೆ, ಒಂದೂ ನಿಜ ಅಲ್ಲ ಅಂತ ಹೆಬ್ಬೆಟ್ಟು ಒತ್ತು. ಆ ನಗಿಸೋ ನನ್ಮಗ ಆಗ್ಲೇ ಬರ್ಕೊಟ್ಟಿದಾನೆ, ಎಲ್ಲಾ ನಾಟಕ ಅಂತ. ನೀನೂ ಕೊಟ್ರೆ ಮಗಳ ಫೈಲು ಇವತ್ತೇ ಮೇಲಕ್ಕೆ ಹೋಗುತ್ತೆ."

"ಬೇಡಮ್ಮಾ," ಎಂದಳು ಮಗಳು. ಇಬ್ಬರಲ್ಲಿ ಕಾಗದ ಓದಲು ಬರುತ್ತಿದ್ದುದು ಅವಳೊಬ್ಬಳಿಗೇ.

"ನಿನ್ನ ಹೊಟ್ಟೆಗೇ ಕಣೇ," ಎಂದು ದೊಡ್ಡಕ್ಕ ಒತ್ತಿಬಿಟ್ಟಳು. ಒತ್ತಿದ ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಮನೆಗೆ ಬಂದಳು. ಸಭಾಂಗಣದ ಕೆಲಸವನ್ನಂತೂ ಮ್ಯಾನೇಜರು ಶೋ ನಡೆದ ದಿನವೇ ಕಿತ್ತುಕೊಂಡಿದ್ದ.

ಮೂರು ವಾರ ಕಾದು ಮತ್ತೆ ಹೋದರು. ಸಾಲಿನಲ್ಲಿ ಇಪ್ಪತ್ತು ಜನ. ಸಾಹೇಬ ಫೈಲು ತೆರೆದ, ಅದೇ ಕಾಗದ ಮೇಲಿತ್ತು.

"ಕೆಲಸಾನಾ? ಗುಂಡೀಲಿ ಸತ್ತವರ ಮಕ್ಕಳಿಗೆ ಅದು. ನಿನ್ನ ಗಂಡ ಗುಂಡೀಲಿ ಸತ್ತಿಲ್ಲ ಅಂತ ನೀನೇ ಬರ್ಕೊಟ್ಟಿದೀಯಲ್ಲ."

"ನೀವೇ ಅಲ್ವಾ ಸ್ವಾಮಿ ಒತ್ತಿಸ್ಕೊಂಡಿದ್ದು?"

"ನಾನು ಒತ್ತಿಸಿದ್ನಾ? ಬೆರಳು ಯಾರ್ದು? ಫೈಲು ಮುಚ್ಚಿದೀವಿ. ನಡಿ, ನಡಿ."

"ಹಂಗಾದ್ರೆ ನಮ್ಮಪ್ಪ ಎಲ್ಲಿ ಸತ್ತ?" ಎಂದಳು ಮಗಳು. ಸಾಹೇಬ ಮುಂದಿನವನ ಹೆಸರು ಕೂಗಿದ.

ದೊಡ್ಡಕ್ಕ ಮೇಜಿನ ಮುಂದೆ ನೆಲದ ಮೇಲೆ ಕುಕ್ಕರಿಸಿದಳು. "ಏಳಲ್ಲ ಕಣೋ. ನನ್ನ ಗಂಡ ನಿಮ್ಮ ಗುಂಡೀಲಿ ಸತ್ತ. ಬರಿಗೈಲಿ ಇಳಿಸಿ ಕೊಂದ್ರಿ, ಬೋಳಿಮಕ್ಳಾ!"

ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ಆಮೇಲೆ ಹಿಂದಿನಿಂದ ಯಾರೋ ಕೂಗಿದರು: "ಏ, ಇವರು ಆ ವಿಡಿಯೋದಲ್ಲಿದ್ದ ಅಮ್ಮ ಕಣ್ರೋ!"

ನಗು ಶುರುವಾಯಿತು. ಕೆಲಸಕ್ಕೆಂದು, ಸಹಿಗೆಂದು ಅವಳ ಹಾಗೆಯೇ ಬೆಳಗಿನಿಂದ ನಿಂತು ಕಾಲು ನೋಯುತ್ತಿದ್ದವರೇ ಎಲ್ಲ. ಒಬ್ಬೊಬ್ಬರಾಗಿ ಫೋನು ಎತ್ತಿದರು.

"ನಗಬೇಡ್ರೀ, ನಿಜ ಇದು," ಎಂದು ಮಗಳು ಅತ್ತಳು. ಅದಕ್ಕೂ ನಕ್ಕರು.

"ಅಮ್ಮಾ, ಇನ್ನೊಂದ್ಸಲ ಹೇಳಿ," ಎಂದ ಒಬ್ಬ, ಫೋನು ಅವಳ ಮುಖದ ಹತ್ತಿರಕ್ಕೆ ತಂದು. "ಶುರುದು ವಿಡಿಯೋದಲ್ಲಿ ಬರ್ಲೇ ಇಲ್ಲ."

ದೊಡ್ಡಕ್ಕ ಇನ್ನೊಂದು ಸಲ ಹೇಳಿದಳು.