ಕಣ್ಣು ಮುಚ್ಚಿ ಹೇಳಿದ ಮಾತು

ಪ್ರವಚನ ಮುಗಿದ ಮೇಲೆ ಜನ ಸಾಲಾಗಿ ಬಂದು ಗುರುಗಳ ಕಿವಿಯ ಹತ್ತಿರ ತಮ್ಮ ಸುಖದುಃಖ ಹೇಳಿಕೊಳ್ಳುವುದು ಆ ಪ್ರಾರ್ಥನಾಮಂದಿರದ ರೂಢಿ. ಗುರುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು, ತಲೆಯ ಮೇಲೆ ಕೈಯಿಟ್ಟು ಒಂದು ಮಾತು ಹೇಳಿ ಕಳಿಸುತ್ತಿದ್ದರು. ಕಣ್ಣು ಮುಚ್ಚುವುದನ್ನು ಜನ ಧ್ಯಾನವೆಂದೇ ತಿಳಿದಿದ್ದರು. ಮೊದಮೊದಲು ಅದು ಧ್ಯಾನವೇ ಆಗಿತ್ತು. ಈಚೀಚೆಗೆ ಬರೀ ಆಯಾಸ.

ಆ ಸಲ ಅವರು ಪರವೂರುಗಳಲ್ಲಿ ಪ್ರವಚನ ಮುಗಿಸಿ ಬೆಳಿಗ್ಗೆಯಷ್ಟೇ ಬಂದಿದ್ದರು. ಸಾಲು ಕರಗಿ, ಒಳಮನೆಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದಾಗ ಅಕ್ಕ ಬಂದು ಎದುರು ನಿಂತಳು. ಅವರನ್ನು ಏಕವಚನದಲ್ಲಿ ಮಾತಾಡಿಸುವವಳು ಅವಳೊಬ್ಬಳೇ.

"ವಾಚು ರಿಪೇರಿಯವರ ಹೆಂಡತಿಗೆ ಏನಂದೆ ನೀನು?"

ಅವರಿಗೆ ನೆನಪಾಗಲಿಲ್ಲ.

"ಯಜಮಾನರು ತೀರ್ಕೊಂಡ್ರು ಅಂತ ಅವಳು ಹೇಳಿದ್ರೆ, 'ಸಂತೋಷ, ಸಂತೋಷ' ಅಂದೆಯಲ್ಲೋ. ಪಕ್ಕದಲ್ಲೇ ಇದ್ದೆ ನಾನು. ಕಿವೀನ ಬಸ್ಸಲ್ಲೇ ಬಿಟ್ಟು ಬಂದ್ಯಾ?"

ಅವರು ಲೋಟ ಕೆಳಗಿಟ್ಟರು. ಮಂದಿರದ ಗಡಿಯಾರ ನಿಂತರೆ ಯಾರೂ ಹೇಳದೆಯೇ ಏಣಿ ಹತ್ತಿ ಸರಿಮಾಡುತ್ತಿದ್ದ ಮನುಷ್ಯ. ಕಾಯಿಲೆ ಬಿದ್ದದ್ದೂ ತಮಗೆ ತಿಳಿಯಲಿಲ್ಲ, ಸತ್ತದ್ದೂ ತಿಳಿಯಲಿಲ್ಲ. ತಿಳಿಸಲು ಬಂದವಳಿಗೆ ಸಿಕ್ಕಿದ್ದು ಈ ಮಾತು.

ಕೂಡಲೇ ಹೋಗಬೇಕಿತ್ತು. ಹೋಗಲು ಮುಖವಿಲ್ಲದೆ ಇವತ್ತು ನಾಳೆ ಎಂದು ಮುಂದೂಡಿದರು. ಕೊನೆಗೆ ಅಕ್ಕ ಅವರ ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟು, ಒಳಗೆ ಹೋದಳು.

ವಾಚು ರಿಪೇರಿಯವರ ಮನೆ ಪುಸ್ತಕದಂಗಡಿಯ ಮೇಲಿನ ಎರಡು ಕೋಣೆ. ಕ್ಷಮೆಯ ಮಾತನ್ನು ಬಾಯಿಪಾಠ ಮಾಡುತ್ತ ಮೆಟ್ಟಿಲು ಹತ್ತಿದ ಗುರುಗಳಿಗೆ ಬಾಗಿಲಲ್ಲಿ ಕಂಡದ್ದು ಆ ಹೆಂಗಸಿನ ಅರಳಿದ ಮುಖ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಆಕೆ ಎಲ್ಲವನ್ನೂ ಹೇಳಿದರು. ಗಂಡ ಹೋದಮೇಲೆ ಅನ್ನ ನೀರು ಗಂಟಲಲ್ಲಿ ಇಳಿದಿರಲಿಲ್ಲವಂತೆ. ಗುರುಗಳು ಸಂತೋಷ ಎಂದ ಮೇಲೆ, ಗಂಡ ಒಳ್ಳೆಯ ಕಡೆ ಸೇರಿರುವುದು ಗುರುಗಳ ಕಣ್ಣಿಗೆ ಕಂಡಿರಬೇಕು ಎಂದು ಹೊಳೆಯಿತಂತೆ. ಅಂದೇ ಊಟ ಮಾಡಿದರಂತೆ. ನೆರೆಹೊರೆಗೆಲ್ಲ ಹೇಳಿದ್ದರಂತೆ.

ಬಾಯಿಪಾಠ ಮಾಡಿದ ಕ್ಷಮೆಯ ಮಾತನ್ನು ಗುರುಗಳು ಅಲ್ಲಿಗೇ ಬಿಟ್ಟರು.

ಆಕೆಯ ಮಗಳು ಗೋಡೆಗೊರಗಿ ನಿಂತಿದ್ದಳು. ಮುಖ ಬಿಗಿದಿತ್ತು. ಆದರೂ ಅವರು ಬೆವರುವುದನ್ನು ಕಂಡು ಟೇಬಲ್ ಫ್ಯಾನನ್ನು ಅವರತ್ತ ತಿರುಗಿಸಿದಳು.

"ಇವಳು ಮಾತು ಬಿಟ್ಟಿದಾಳೆ ನನ್ನ ಹತ್ರ," ಎಂದರು ತಾಯಿ. "ನೀವೇ ಬಿಡಿಸಿ ಹೇಳಿ ಗುರುಗಳೇ."

"ಅಪ್ಪ ಉಸಿರಿಗೆ ಒದ್ದಾಡ್ತಿದ್ದಾಗ ತಲೆ ಹಿಡ್ಕೊಂಡು ಕೂತಿದ್ದೋಳು ನಾನು," ಎಂದಳು ಮಗಳು. "ಅದರಲ್ಲಿ ಸಂತೋಷ ಎಲ್ಲಿತ್ತು ಅಂತ ನನಗೂ ಸ್ವಲ್ಪ ಹೇಳಿ."

ಹೇಳಲು ಬೇಕಾದಷ್ಟಿತ್ತು. ದೇಹದ ಬಂಧನ, ಆತ್ಮದ ಬಿಡುಗಡೆ. ಎಷ್ಟೋ ಸಾವಿನ ಮನೆಗಳಲ್ಲಿ ನೀರು ಕುಡಿದಷ್ಟು ಸಲೀಸಾಗಿ ಆಡಿದ ಮಾತುಗಳು. ಆಡಿದರೆ ತಾಯಿಯ ಊಟ ಉಳಿಯುತ್ತದೆ. ಮಗಳು ಮಾತ್ರ ಆ ಒದ್ದಾಟವನ್ನು ಬದುಕೆಲ್ಲ ಒಬ್ಬಳೇ ಹೊರಬೇಕು.

"ನನಗೇನೂ ಕಂಡಿರಲಿಲ್ಲಮ್ಮ," ಎಂದರು ಗುರುಗಳು. "ನೀವು ಹೇಳಿದ್ದು ನನ್ನ ಕಿವಿಗೇ ಬೀಳಲಿಲ್ಲ. ಸುಸ್ತಾಗಿತ್ತು, ಮನಸ್ಸು ಎಲ್ಲೋ ಇತ್ತು. ಬಾಯಿಗೆ ಬಂದದ್ದು ಅಂದೆ. ತಪ್ಪು ನನ್ನದು."

ತಾಯಿಯ ಮುಖ ನಿಧಾನವಾಗಿ ಕುಸಿಯಿತು. ಅದನ್ನು ನೋಡದೆ ಗುರುಗಳಿಗೆ ಗತಿಯಿರಲಿಲ್ಲ.

"ಹಾಗಾದ್ರೆ ಅವರು ಎಲ್ಲಿದಾರೋ ನಿಮಗೂ ಗೊತ್ತಿಲ್ವಾ?"

"ಗೊತ್ತಿಲ್ಲಮ್ಮ."

ಆಕೆ ಈಗ ಅತ್ತರು. ಮಗಳು ಬಂದು ತಾಯಿಯ ಪಕ್ಕ ನೆಲದ ಮೇಲೆ ಕೂತು, ಅವರ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ಕೊನೆಯ ದಿನ ಅಪ್ಪ ಏನು ಕೇಳಿದರು, ತಾನೇನು ಕೊಟ್ಟೆ ಎಂದು ತಗ್ಗಿದ ದನಿಯಲ್ಲಿ ತಾಯಿಗೆ ಹೇಳತೊಡಗಿದಳು. ಗುರುಗಳಿಗೆ ಯಾರೂ ಇರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವರು ಕುರ್ಚಿಯಿಂದ ಇಳಿದು ನೆಲದಲ್ಲಿ ಕೂತು ಕೇಳಿದರು.